ಗೆಳೆಯನಿಗೊಂದು ಪತ್ರ: ಪ್ಯಾರಾಲೀಗಲ್ ಓದಿಗೆ ಹಾಕಿದ ದುಡ್ಡು ಹುಟ್ಟುತ್ತದೆಯೇ?

ಪ್ರಿಯ ರಘು,

ಇಎಡಿ ಕಾರ್ಡು (ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಅನುಮತಿ ಕಾರ್ಡು) ಕೈಸೇರಿತೆಂದು ಓದಿ ಬಹಳ ಖುಷಿಯಾಯಿತು. ಕಮ್ಯುನಿಟಿ ಕಾಲೇಜಿನ ಪ್ಯಾರಾಲೀಗಲ್ ಸರ್ಟಿಫಿಕೇಟಿಗೆ ಹಾಕಿದ ದುಡ್ಡು ಹುಟ್ಟುತ್ತದೆಯೇ ಎಂದು ಕೇಳಿದ್ದೀಯ. ಹುಟ್ಟುತ್ತದೆ. ಆದರೆ ದುಡ್ಡಿಗಿಂತ ಮೊದಲು ತಾರೀಖುಗಳ ಲೆಕ್ಕ ಹಾಕು. ಇದರಲ್ಲಿ ಕೈ ಸುಟ್ಟುಕೊಳ್ಳುವವರು ಹೆಚ್ಚಾಗಿ ತಾರೀಖು ತಪ್ಪಿಯೇ ಸುಟ್ಟುಕೊಳ್ಳುವುದು.

ಪ್ಯಾರಾಲೀಗಲ್ ಎಂದರೆ ಅಟಾರ್ನಿಯ, ಅಂದರೆ ಇಲ್ಲಿನ ವಕೀಲರ, ಕೈಕೆಳಗೆ ಕಾನೂನಿನ ಕೆಲಸ ಮಾಡುವವನು. ಈ ಕೆಲಸ ನಮ್ಮ ಕಡೆಯ ವಕೀಲರ ಗುಮಾಸ್ತಿಕೆಯಲ್ಲ, ಕಾನೂನು ಸೇವಾ ಸಮಿತಿಯ ಪ್ಯಾರಾ ಲೀಗಲ್ ವಾಲಂಟಿಯರ್ ಕೆಲಸವೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಂಡಕಂಡವರು ತಮ್ಮನ್ನು ಪ್ಯಾರಾಲೀಗಲ್ ಎಂದು ಕರೆದುಕೊಳ್ಳುವಂತಿಲ್ಲ. ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್‌ನ 6450ನೇ ಸೆಕ್ಷನ್ ಅದಕ್ಕೆ ಅರ್ಹತೆ ಕಟ್ಟಿದೆ: ಅಮೆರಿಕನ್ ಬಾರ್ ಅಸೋಸಿಯೇಷನ್ (ಎಬಿಎ) ಒಪ್ಪಿದ ಕೋರ್ಸಿನ ಸರ್ಟಿಫಿಕೇಟು, ಇಲ್ಲವೇ ಮಾನ್ಯತೆ ಇರುವ ಕಾಲೇಜಿನಲ್ಲಿ ಕಾನೂನು ವಿಷಯಗಳಲ್ಲೇ ಕನಿಷ್ಠ 24 ಸೆಮಿಸ್ಟರ್ ಯೂನಿಟ್ (ಕ್ಲಾಸುಗಳನ್ನು ಅಳೆಯುವ ಕ್ರೆಡಿಟ್) ಮಾಡಿದ ಸರ್ಟಿಫಿಕೇಟು. ಮೂರನೆಯ ದಾರಿಯೂ ಇದೆ. ಯಾವುದಾದರೂ ಪದವಿ ಇದ್ದು, ಇಲ್ಲಿನ ಅಟಾರ್ನಿಯ ಕೈಕೆಳಗೆ ಒಂದು ವರ್ಷ ಕಾನೂನು ಕೆಲಸ ಮಾಡಿ, ಅವರಿಂದ ಲಿಖಿತ ಘೋಷಣೆ ಪಡೆದರೂ ಆಯಿತು. ನಿನಗೆ ಎಲ್‌ಎಲ್‌ಬಿ ಇರುವುದರಿಂದ ಈ ದಾರಿ ತೆರೆದೇ ಇದೆ. ಆದರೆ ಆ ಒಂದು ವರ್ಷದ ಕೆಲಸ ಕೊಡುವವರು ಮೊದಲು ಸಿಗಬೇಕಲ್ಲ! ಸರ್ಟಿಫಿಕೇಟಿನ ನಿಜವಾದ ಉಪಯೋಗ ಅಲ್ಲಿಯೇ, ಮೊದಲ ಬಾಗಿಲು ತೆರೆಸುವುದರಲ್ಲಿ.

ಈಗ ಫೀಸು. ಕ್ಯಾಲಿಫೋರ್ನಿಯಾ ನಿವಾಸಿಗೆ ಯೂನಿಟ್ಟಿಗೆ 46 ಡಾಲರ್. 24 ಯೂನಿಟ್ಟಿಗೆ 1,104. ಸೆಮಿಸ್ಟರಿಗಿಂತ ಚಿಕ್ಕ ಟರ್ಮುಗಳ ಕ್ವಾರ್ಟರ್ ಪದ್ಧತಿಯ ಕಾಲೇಜಾದರೆ ಯೂನಿಟ್ಟಿಗೆ 31, ಆದರೆ 36 ಯೂನಿಟ್ ಬೇಕು, 1,116 ಆಗುತ್ತದೆ. ಪುಸ್ತಕ, ಪಾರ್ಕಿಂಗ್, ನಿನ್ನ ಅಂಕಪಟ್ಟಿಗಳ ಮೌಲ್ಯಮಾಪನಕ್ಕೆ ಇನ್ನೂರು ಡಾಲರ್ ಆಸುಪಾಸು ಎಲ್ಲ ಸೇರಿಸಿದರೂ ಎರಡೂವರೆ ಸಾವಿರದೊಳಗೆ ಮುಗಿಸಬಹುದು. ನಿವಾಸಿ ಅಲ್ಲ ಎಂದು ಕಾಲೇಜು ತೀರ್ಮಾನಿಸಿದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಯೂನಿಟ್ಟಿಗೆ ಇನ್ನೂ 350 ಸೇರಿತು ಎಂದುಕೋ, 24 ಯೂನಿಟ್ಟಿಗೆ 9,504.

ನಿನ್ನಂಥ ಎಚ್-4 ವೀಸಾದವರು (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿ) ನಿವಾಸಿಗಳಾಗಲು ಬರುವುದಿಲ್ಲ ಎಂದು ಯಾರೋ ಹೇಳಿದರೆಂದು ಬರೆದಿದ್ದೀಯ, ಅದು ತಪ್ಪು. ವಿದ್ಯಾರ್ಥಿ ವೀಸಾ ಎಫ್-1ನವರಿಗೆ ಆಗುವುದಿಲ್ಲ, ಎಚ್-4ನವರಿಗೆ ಆಗುತ್ತದೆ. ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ಇಲ್ಲಿ ವಾಸ ಒಂದು ವರ್ಷ ತುಂಬಿರಬೇಕು, ಇಲ್ಲೇ ನೆಲೆಸುವ ಉದ್ದೇಶ ಕಾಗದದಲ್ಲೂ ಒಂದು ವರ್ಷದಿಂದ ಕಾಣಬೇಕು. ನೀವು ಟೆಕ್ಸಾಸ್ ಬಿಟ್ಟು ಬಂದದ್ದು ಕಳೆದ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಆಗಸ್ಟ್‌ನ ಫಾಲ್ ಟರ್ಮಿಗೆ ವರ್ಷ ತುಂಬುವುದಿಲ್ಲ. ಮೂರು ಯೂನಿಟ್ಟಿನ ಒಂದೇ ಒಂದು ಕ್ಲಾಸು ತೆಗೆದುಕೊಂಡರೂ 138 ಡಾಲರ್ ಆಗಬೇಕಾದ್ದು 1,188 ಆಗುತ್ತದೆ. ಜನವರಿಯ ಸ್ಪ್ರಿಂಗ್ ಟರ್ಮಿಗೆ ಕಾಯಿ. ಡ್ರೈವಿಂಗ್ ಲೈಸೆನ್ಸ್ ಯಾವತ್ತು ಬದಲಾಯಿಸಿದೆ? ಕಾರಿಗೆ ಇನ್ನೂ ಟೆಕ್ಸಾಸ್ ಪ್ಲೇಟ್ ಇದ್ದರೆ ಇವತ್ತೇ ಬದಲಿಸು. ಅರ್ಜಿಗಳು ಬೀಳುವುದು ಇಂಥವುಗಳಿಂದಲೇ.

ಸಮಯದ ವಿಷಯ ಇದಕ್ಕಿಂತ ಮುಖ್ಯ. ಟರ್ಮಿಗೆ ಎರಡು ಸಂಜೆ ಕ್ಲಾಸಿನಂತೆ ನಾಲ್ಕು ಸೆಮಿಸ್ಟರ್ ಹಿಡಿಯುತ್ತದೆ. ಲೀಗಲ್ ರಿಸರ್ಚ್‌ನಂಥ ಕ್ಲಾಸಿಗೆ ಮೊದಲು ಪರಿಚಯದ ಕ್ಲಾಸು ಮುಗಿದಿರಬೇಕು, ಅದಾದ ಮೇಲೆ ರೈಟಿಂಗ್, ಆಮೇಲೆ ಇಂಟರ್ನ್‌ಶಿಪ್. ಕೆಲವು ಕ್ಲಾಸು ವರ್ಷಕ್ಕೊಮ್ಮೆ ಮಾತ್ರ. ಒಂದು ಕೊಂಡಿ ತಪ್ಪಿದರೆ ಇಡೀ ವರ್ಷ ಹೋಯಿತು. ಕೌನ್ಸೆಲರ್ ಹತ್ತಿರ ಕೂತು ಮುಂದಿನ ನಾಲ್ಕು ಟರ್ಮಿನ ನಕ್ಷೆ ಬರೆಸಿಕೊಳ್ಳದೆ ರಿಜಿಸ್ಟರ್ ಮಾಡಬೇಡ. ಎಬಿಎ ಒಪ್ಪಿದ ಕೋರ್ಸು ಸಿಕ್ಕರೆ ಅದನ್ನೇ ಆರಿಸು. ಯೂನಿಟ್ಟಿಗೆ ಅದೇ 46 ಡಾಲರ್, ದೊಡ್ಡ ಫರ್ಮುಗಳು ಜಾಹೀರಾತಿನಲ್ಲೇ ಕೇಳುವುದೂ ಅದನ್ನೇ. ಕೆಲವೇ ವಾರಗಳ ಆನ್‌ಲೈನ್ ಕೋರ್ಸುಗಳಲ್ಲಿ 24 ಯೂನಿಟ್ ಇರುವುದಿಲ್ಲ. ಅವು 6450ಕ್ಕೆ ಸಲ್ಲುವುದಿಲ್ಲ.

ಮೈಸೂರಿನಲ್ಲಿ ಆರು ವರ್ಷ ವಕೀಲಿ ಮಾಡಿದವನಿಗೆ ಕ್ಲಾಸಿನಲ್ಲಿ ಹೊಸತೇನು ಎಂದೂ ಕೇಳಿದ್ದೀಯ. ಒಂದೇ ಉದಾಹರಣೆ ಕೊಡುತ್ತೇನೆ. ಎದುರು ಕಕ್ಷಿ 2026ರ ಮಾರ್ಚ್ 3ರಂದು ಲಿಖಿತ ಪ್ರಶ್ನಾವಳಿಯನ್ನು ಅಂಚೆಯಲ್ಲಿ ಕಳಿಸಿತು ಎಂದಿಟ್ಟುಕೋ. ಉತ್ತರಕ್ಕೆ 30 ದಿನ, ಅಂದರೆ ಏಪ್ರಿಲ್ 2. ರಾಜ್ಯದೊಳಗಿನ ಅಂಚೆಗೆ ಇನ್ನೂ ಐದು ದಿನ ಸೇರಿ ಏಪ್ರಿಲ್ 7. ಅದೇ ಪ್ರಶ್ನಾವಳಿ ಇಮೇಲ್‌ನಲ್ಲಿ ಬಂದಿದ್ದರೆ ಸೇರುವುದು ಎರಡು ಕೋರ್ಟ್ ದಿನ ಮಾತ್ರ. ನಡುವೆ ಶನಿವಾರ, ಭಾನುವಾರ ಬಿಟ್ಟು ಏಪ್ರಿಲ್ 6. ಈ ಒಂದು ದಿನ ತಪ್ಪಿದರೆ ಕಕ್ಷಿದಾರನ ಆಕ್ಷೇಪಣೆಯ ಹಕ್ಕೇ ಹೋಗುತ್ತದೆ. ತಾರೀಖು ತಪ್ಪಿದ ಮೇಲೆ ನಮ್ಮ ಕೋರ್ಟುಗಳ ಹಾಗೆ ಸುಲಭವಾಗಿ ಇನ್ನೊಂದು ವಾಯಿದೆ ಕೇಳಿ ಬರುವಂತಿಲ್ಲ. ಈ ಕ್ಯಾಲೆಂಡರ್ ಕಟ್ಟುವುದು ಪ್ಯಾರಾಲೀಗಲ್‌ನ ದಿನನಿತ್ಯದ ಕೆಲಸ, ಫರ್ಮು ನಿನಗೆ ಸಂಬಳ ಕೊಡುವುದೂ ಇಂಥದ್ದಕ್ಕೇ.

ಸಂಬಳದ ಮಾತು. ಸರ್ಕಾರಿ ಅಂಕಿಯಂತೆ 2024ರ ಮೇನಲ್ಲಿ ದೇಶದ ಪ್ಯಾರಾಲೀಗಲ್‌ಗಳ ಮಧ್ಯಮ ವಾರ್ಷಿಕ ವೇತನ 61,010 ಡಾಲರ್. ಆರಂಭದಲ್ಲಿ ಅಷ್ಟು ನಿರೀಕ್ಷಿಸಬೇಡ. ಹತ್ತು ವರ್ಷದಲ್ಲಿ ಕೆಲಸಗಳ ಸಂಖ್ಯೆ ಹೆಚ್ಚುವ ಅಂದಾಜೂ ಇಲ್ಲ. ಬಿಟ್ಟುಹೋದವರ ಜಾಗಗಳೇ ಖಾಲಿಯಾಗುವುದು. ಗಂಡ ಹೆಂಡತಿ ಸೇರಿ ಸಲ್ಲಿಸುವ ಜಂಟಿ ತೆರಿಗೆ ರಿಟರ್ನ್‌ನಲ್ಲಿ ನಿನ್ನ ಸಂಬಳ ಸುಮಾಳ ಸಂಬಳದ ಮೇಲೆ ಕೂರುವುದರಿಂದ ಮೊದಲ ಡಾಲರಿನಿಂದಲೇ ಮೇಲಿನ ದರದ ತೆರಿಗೆ ಬೀಳುತ್ತದೆ. ಪುಟ್ಟಿಯ ಡೇ ಕೇರ್ ತಿಂಗಳಿಗೆ ಎರಡು ಸಾವಿರ ದಾಟಿದರೆ ಮೊದಲ ವರ್ಷ ಕೈಯಲ್ಲಿ ಉಳಿಯುವುದು ಸ್ವಲ್ಪವೇ. ಹಾಗಿದ್ದೂ ಎರಡೂವರೆ ಸಾವಿರದ ಓದು ಕೆಲಸ ಸಿಕ್ಕ ಕೆಲವೇ ತಿಂಗಳಲ್ಲಿ ತೀರುತ್ತದೆ. ಒಂಬತ್ತು ಸಾವಿರದ್ದು ಅಷ್ಟು ಬೇಗ ತೀರುವುದಿಲ್ಲ. ಇನ್ನೊಂದು ವಿಷಯ: ಪ್ಯಾರಾಲೀಗಲ್‌ಗಳಿಗೆ ಸಾಮಾನ್ಯವಾಗಿ ಓವರ್‌ಟೈಮ್ ಕೊಡಲೇಬೇಕು. ಆಫರ್ ಪತ್ರದಲ್ಲಿ ‘ಎಕ್ಸೆಂಪ್ಟ್’ (ಓವರ್‌ಟೈಮ್ ಇಲ್ಲದ ಹುದ್ದೆ) ಎಂದಿದ್ದರೆ ಯಾಕೆಂದು ಕೇಳು.

ಇಎಡಿಯ ಕೊನೆಯ ತಾರೀಖು ನೋಡು. 2025ರ ಅಕ್ಟೋಬರ್ 30ರಿಂದೀಚೆಗೆ ಸಲ್ಲಿಸಿದ ನವೀಕರಣ ಅರ್ಜಿಗೆ ತಾನಾಗಿಯೇ ಸಿಗುತ್ತಿದ್ದ ವಿಸ್ತರಣೆ ನಿಂತಿದೆ. ಕಾರ್ಡು ಮುಗಿದರೆ ಹೊಸದು ಬರುವವರೆಗೆ ಕೆಲಸ ನಿಲ್ಲಿಸಬೇಕು. ಓದು ಮುಗಿಯುವ ತಾರೀಖು, ಕಾರ್ಡು ಮುಗಿಯುವ ತಾರೀಖು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟುಕೋ.

ನಿನ್ನ ಸನ್ನದನ್ನು ಮರೆಯಬೇಡ. ಬೇರೆ ದೇಶದಲ್ಲಿ ಸನ್ನದು ಪಡೆದ ವಕೀಲರು ಎಲ್‌ಎಲ್‌ಎಂ ಇಲ್ಲದೆಯೇ ಕ್ಯಾಲಿಫೋರ್ನಿಯಾದಲ್ಲಿ ವಕೀಲರಾಗಲು ಇರುವ ಬಾರ್ ಪರೀಕ್ಷೆಗೆ ಕೂರಬಹುದು. ಪರೀಕ್ಷೆ ಫೆಬ್ರವರಿ, ಜುಲೈಗಳಲ್ಲಿ. ಅದಕ್ಕೆ ತಿಂಗಳುಗಟ್ಟಲೆ ಬೇರೇನೂ ಇಲ್ಲದ ಓದು ಬೇಕು, ಪುಟ್ಟಿ ಇನ್ನೂ ಚಿಕ್ಕವಳು. ಮೊದಲು ಪ್ಯಾರಾಲೀಗಲ್ ಆಗಿ ಇಲ್ಲಿನ ಕಡತಗಳ ರೂಢಿ ಮಾಡಿಕೊಂಡು ಆಮೇಲೆ ಬಾರ್‌ಗೆ ಕೂರುವುದೇ ನಿನಗೆ ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ಕನ್ನಡ ಕೂಟದಲ್ಲಿ ಯಾರಾದರೂ “ನಮ್ಮ ಗ್ರೀನ್ ಕಾರ್ಡ್ ಅರ್ಜಿ ಸ್ವಲ್ಪ ನೋಡ್ರಿ” ಎಂದು ಹಿಡಿದು ನಿಲ್ಲಿಸಿದರೆ, ಅಟಾರ್ನಿಯ ಹತ್ತಿರ ಕಳಿಸು. ಪ್ಯಾರಾಲೀಗಲ್ ಕಾನೂನು ಸಲಹೆ ಕೊಡುವಂತಿಲ್ಲ. ಮೊದಲ ಸಲಕ್ಕೇ 2,500 ಡಾಲರ್‌ವರೆಗೆ ದಂಡವಿದೆ.

ಬಾಡಿಗೆ ಕರಾರು, ಲೈಸೆನ್ಸ್, ರಾಜ್ಯದ ತೆರಿಗೆ ರಿಟರ್ನ್ ಈ ವಾರ ಒಂದು ಫೈಲಿಗೆ ಹಾಕಿಡು. ನಾಲ್ಕು ಟರ್ಮಿನ ನಕ್ಷೆ ಸಿಕ್ಕ ಕೂಡಲೇ ನನಗೆ ಕಳಿಸು, ಕೂತು ನೋಡೋಣ.

ಇಂತಿ ನಿನ್ನ ಗೆಳೆಯ,
ಪ್ರಸನ್ನ