ನಮ್ಮ ಸ್ಥಳೀಯ ವಾಹಿನಿಯ ಒಡೆತನದ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬಸವನಗುಡಿ, ಹನುಮಂತನಗರ, ಶ್ರೀನಗರ ಹಾಗೂ ಸುತ್ತಲಿನ ಬಡಾವಣೆಗಳಿಗೆ ಕೇಬಲ್ ಸಂಪರ್ಕದ ಜೊತೆಯಲ್ಲೇ ನಾವು ನೀಡುತ್ತ ಬಂದಿರುವ ಸ್ಥಳೀಯ ವಾಹಿನಿಯು, ಬರುವ ತಿಂಗಳ 1ನೇ ತಾರೀಕಿನಿಂದ ನಮ್ಮ ಪಾಲುದಾರಿಕೆ ಸಂಸ್ಥೆಯ ಹೆಸರಿನಿಂದ, ಅದೇ ಪಾಲುದಾರರು ಸೇರಿ ನೋಂದಾಯಿಸಿರುವ ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿಗೆ ವರ್ಗವಾಗುತ್ತದೆ. ತಿಂಗಳ ಶುಲ್ಕ, ಮನೆಯಲ್ಲಿರುವ ಸೆಟ್ ಟಾಪ್ ಬಾಕ್ಸ್, ದೂರು ಹೇಳಲು ನೀವು ಕರೆ ಮಾಡುವ ನಂಬರು, ಯಾವುದೂ ಬದಲಾಗುವುದಿಲ್ಲ. ಇಷ್ಟೇ ಆಗಿದ್ದರೆ ರಸೀದಿಯ ಹಿಂಬದಿಯಲ್ಲಿ ಎರಡು ಸಾಲು ಅಚ್ಚು ಹಾಕಿಸಿದರೆ ಸಾಕಿತ್ತು. ಆದರೆ ವಾಹಿನಿ ಯಾರ ಕೈಯಲ್ಲಿದೆ ಎಂಬುದು ಗೊತ್ತಿಲ್ಲದೆ ಅದರ ಸುದ್ದಿಯನ್ನು ಎಷ್ಟರ ಮಟ್ಟಿಗೆ ನಂಬಬೇಕೆಂದು ತೀರ್ಮಾನಿಸುವುದು ಕಷ್ಟ. ಆದ್ದರಿಂದ ಒಡೆತನದ ವಿಷಯವನ್ನು ಮೊದಲಿನಿಂದ ಬಿಡಿಸಿ ಹೇಳುವುದು ಸರಿಯೆಂದು ನಮಗೆ ತೋರಿದೆ.

ಟಿವಿ ವಾಹಿನಿಗಳು ಕೈ ಬದಲಾಗುವುದು ಹೊಸದಲ್ಲ. ರಾಮೋಜಿ ರಾವ್ ಅವರ ಸಮೂಹವು 2000ದ ಡಿಸೆಂಬರಿನಲ್ಲಿ ಆರಂಭಿಸಿದ ಈಟಿವಿ ಕನ್ನಡ ಬೇರೆಯವರ ಕೈ ಸೇರಿ 2015ರಲ್ಲಿ ಕಲರ್ಸ್ ಕನ್ನಡವಾಯಿತು. 2007ರಲ್ಲಿ ಬಂದ ಸುವರ್ಣ ಮುಂದೆ ಸ್ಟಾರ್ ಸುವರ್ಣ ಆಯಿತು. ಷೇರು ಮಾರುಕಟ್ಟೆಯ ಸುದ್ದಿ ಓದುವವರಿಗೆ ಇದು ಮುಂಚಿತವಾಗಿ ತಿಳಿದಿರಬಹುದು; ಉಳಿದ ನಮ್ಮಂಥವರಿಗೆ ತಿಳಿಯುವುದು ತೆರೆಯ ಮೂಲೆಯಲ್ಲಿನ ಲೋಗೋ ಬದಲಾದ ದಿನವೇ. ರಾಜ್ಯವಿಡೀ ನೋಡುವ ಧಾರಾವಾಹಿಗಳ ವಾಹಿನಿಗೆ ಅದು ನಡೆದೀತು. ಮೂರನೆಯ ಅಡ್ಡರಸ್ತೆಯ ಮೋರಿಯ ವಿಷಯ ಹೇಳುವ ವಾಹಿನಿಗೆ ನಡೆಯದು.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಜೆ.ಸಿ. ನಗರದ ಕೇಂದ್ರದಿಂದ ಸಂಜೆ ಬರುತ್ತಿದ್ದ ಕನ್ನಡ ಕಾರ್ಯಕ್ರಮಗಳನ್ನು ಬಿಟ್ಟರೆ ಬಹಳ ಕಾಲ ನಮಗೆ ಬೇರೆ ಆಯ್ಕೆಯೇ ಇರಲಿಲ್ಲ. 1991ರ ಕೊಲ್ಲಿ ಯುದ್ಧದ ನೇರಪ್ರಸಾರವೂ ಅದೇ ವರ್ಷ ಶುರುವಾದ ಸ್ಟಾರ್ ಟಿವಿಯೂ ಡಿಶ್ಶಿನ ಹುಚ್ಚು ಹತ್ತಿಸಿದ ಮೇಲೆ, ನಗರದ ಉಳಿದ ಕಡೆಗಳಂತೆ ಇಲ್ಲೂ ಮಹಡಿಯ ಮೇಲೊಂದು ದೊಡ್ಡ ಡಿಶ್ ಇಟ್ಟು, ಮರದಿಂದ ಮರಕ್ಕೆ ತಂತಿ ಎಳೆದು ಮನೆಮನೆಗೆ ಸಂಪರ್ಕ ಕೊಡುವ ಹುಡುಗರು ಹುಟ್ಟಿಕೊಂಡರು. ಈಗಿನ ನಮ್ಮ ಪಾಲುದಾರರೆಲ್ಲ ಆಗಿನ ಆ ಹುಡುಗರೇ. ಒಬ್ಬೊಬ್ಬರದು ಒಂದೊಂದು ಬೀದಿ. 1994ರಲ್ಲಿ ಉದಯ ಟಿವಿ ಶುರುವಾದಾಗ ಕೇಬಲ್ ಬೇಕೆನ್ನುವವರ ಸಂಖ್ಯೆ ಹೆಚ್ಚಿತು. ಮರುವರ್ಷವೇ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆ ಬಂತು, ಪ್ರಧಾನ ಅಂಚೆ ಕಚೇರಿಯಲ್ಲಿ ಅರ್ಜಿ ಕೊಟ್ಟು ನೋಂದಣಿ ಮಾಡಿಸಿಕೊಳ್ಳುವುದು ಕಡ್ಡಾಯವಾಯಿತು.

ಸ್ಥಳೀಯ ವಾಹಿನಿಗೆ ಮಾತ್ರ ಇಂಥದ್ದೇ ದಿನ ಹುಟ್ಟಿತು ಎಂದು ಹೇಳುವ ಹಾಗಿಲ್ಲ. ದಿನಸಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ವಿಸಿಆರ್ ಮತ್ತು ಅದರ ಚಿತ್ರವನ್ನು ಕೇಬಲ್ಲಿಗೆ ಹಾಯಿಸುವ ಮಾಡ್ಯುಲೇಟರ್ ಇಟ್ಟು, ಖಾಲಿ ಇದ್ದ ಚಾನೆಲ್ ನಂಬರಿನಲ್ಲಿ ಕ್ಯಾಸೆಟ್ ಓಡಿಸುವುದರಿಂದ ಅದು ಆರಂಭವಾಯಿತು. ಕಡಲೆಕಾಯಿ ಪರಿಷೆ, ರಾಮನವಮಿಯ ಸಂಗೀತೋತ್ಸವ, ಬಡಾವಣೆಯ ಗಣೇಶನ ಮೆರವಣಿಗೆ, ಶಾಲೆಯ ವಾರ್ಷಿಕೋತ್ಸವ ಇವುಗಳ ಚಿತ್ರೀಕರಣ ಆಮೇಲೆ ಸೇರಿತು. ನಮ್ಮ ಲೆಕ್ಕದಲ್ಲಿ ವಾಹಿನಿಗೆ ನಿಜವಾದ ಬೇಡಿಕೆ ತಂದುಕೊಟ್ಟದ್ದು ತೆರೆಯ ಕೆಳಗೆ ಓಡುತ್ತಿದ್ದ ಸ್ಕ್ರಾಲ್. ನುಡಿ ತಂತ್ರಾಂಶದಲ್ಲಿ ಒಬ್ಬರು ಕೂತು ಟೈಪ್ ಮಾಡುತ್ತಿದ್ದ ಆ ಸಾಲಿನಲ್ಲಿ ಕಾವೇರಿ ನೀರು ಯಾವ ದಿನ ಬರುವುದಿಲ್ಲ, ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೆ, ಯಾರ ಮನೆಯ ವೈಕುಂಠ ಸಮಾರಾಧನೆ ಎಲ್ಲಿ, ಲೈಸೆನ್ಸ್ ಸಮೇತ ಕಳೆದುಹೋದ ಪರ್ಸು ಯಾವ ಅಂಗಡಿಯಲ್ಲಿದೆ ಎಂಬುದೆಲ್ಲ ಒಂದರ ಹಿಂದೊಂದು ಬರುತ್ತಿತ್ತು. ಸಿನಿಮಾ ನೋಡದವರೂ ಸ್ಕ್ರಾಲ್ ಓದುವುದಕ್ಕೆಂದು ನಮ್ಮ ಚಾನೆಲ್ ಹಾಕುತ್ತಿದ್ದರು.

2013ರ ಮಾರ್ಚ್ 31 ನಮ್ಮ ಪಾಲಿಗೆ ದೊಡ್ಡ ಗಡುವು. ಡಿಜಿಟಲೀಕರಣದ ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರು ಸೇರಿದಂತೆ ದೇಶದ 38 ನಗರಗಳಲ್ಲಿ ಸೆಟ್ ಟಾಪ್ ಬಾಕ್ಸ್ ಇಲ್ಲದ ಹಳೆಯ ಅನಲಾಗ್ ಕೇಬಲ್ ಪ್ರಸಾರ ನಿಲ್ಲಬೇಕಾಗಿತ್ತು. ಬಿಡಿ ಬಿಡಿ ಆಪರೇಟರುಗಳಿಗೆ ಆಗ ಇದ್ದದ್ದು ಎರಡೇ ದಾರಿ: ದೊಡ್ಡ ಎಂಎಸ್‌ಓ (ಅನೇಕ ವಾಹಿನಿಗಳನ್ನು ಒಟ್ಟುಗೂಡಿಸಿ ಆಪರೇಟರುಗಳಿಗೆ ಕೊಡುವ ಸಂಸ್ಥೆ) ಒಂದರ ಫೀಡ್ ತೆಗೆದುಕೊಂಡು ಅವರ ಕೆಳಗೆ ಕೆಲಸ ಮಾಡುವುದು, ಇಲ್ಲವೇ ಒಟ್ಟುಗೂಡಿ ಸಾಲ ಮಾಡಿ, ವಾಹಿನಿಗಳನ್ನು ಹಿಡಿದು ತಂತಿಗೆ ಹರಿಸುವ ಸ್ವಂತ ಡಿಜಿಟಲ್ ಹೆಡ್‌ಎಂಡ್ ಹಾಕಿ ತಾವೇ ಎಂಎಸ್‌ಓ ಆಗುವುದು. ಮೊದಲಿನದರಲ್ಲಿ ತಲೆನೋವು ಕಡಿಮೆ, ಆದರೆ ಸ್ಥಳೀಯ ವಾಹಿನಿ ಇರಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲಿ ಉಳಿಯುತ್ತಿರಲಿಲ್ಲ. ನಾವು ಎರಡನೆಯದನ್ನು ಆರಿಸಿಕೊಂಡೆವು. ಪಾಲುದಾರಿಕೆ ಸಂಸ್ಥೆ ಹುಟ್ಟಿದ್ದು ಹಾಗೆ. ವಾಹಿನಿಗೆ ಕಾಗದದ ಮೇಲೆ ಒಬ್ಬ ಒಡೆಯ ಎಂದು ಸಿಕ್ಕಿದ್ದೂ ಆಗಲೇ.

ಈಗ ಬದಲಾವಣೆಗೆ ಕಾರಣವಾದ ನಿಯಮದ ವಿಷಯ. ಎಂಎಸ್‌ಓಗಳು ತಮ್ಮ ಗ್ರಾಹಕರಿಗೆಂದೇ ನಡೆಸುವ ವಾಹಿನಿಗಳನ್ನು ಸರ್ಕಾರಿ ಭಾಷೆಯಲ್ಲಿ ‘ಪ್ಲಾಟ್‌ಫಾರ್ಮ್ ಸರ್ವೀಸ್’ ಎನ್ನುತ್ತಾರೆ. ಇವುಗಳಿಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2022ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿತು. ನೋಂದಣಿ ಶುಲ್ಕ ಒಂದು ವಾಹಿನಿಗೆ 1,000 ರೂಪಾಯಿ ಮಾತ್ರ, ಹೊರೆ ಎನ್ನುವಂತಿಲ್ಲ. ಆದರೆ ಸ್ಥಳೀಯ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳನ್ನು ಪ್ರಸಾರ ಮಾಡಬೇಕಾದರೆ ನಡೆಸುವವರು ಕಂಪನಿಯಾಗಿ ನೋಂದಾಯಿತರಾಗಿರಲೇಬೇಕು. ಪಾಲುದಾರಿಕೆ ಸಂಸ್ಥೆ ಭಜನೆ ತೋರಿಸಬಹುದು, ಪರಿಷೆ ತೋರಿಸಬಹುದು, ವಾರ್ಡಿನ ಸುದ್ದಿ ತೋರಿಸುವಂತಿಲ್ಲ. ಸಂಜೆಯ ಸುದ್ದಿ ಏಕೆ ನಿಂತಿತು ಎಂದು ನಿಮ್ಮಲ್ಲಿ ಹಲವರು ಕೇಳುತ್ತಲೇ ಇದ್ದೀರಿ. ಅದಕ್ಕೆ ಉತ್ತರ ಇದು.

ಇದಕ್ಕೆ ಬೇರೆ ಪರಿಹಾರಗಳೂ ನಮ್ಮ ಮುಂದೆ ಬಂದವು. ಚುನಾವಣೆಯ ಕಾವು ಏರುವ ಹೊತ್ತಿಗೆ, ಈಗಾಗಲೇ ಕಂಪನಿ ಇರುವವರೊಬ್ಬರು ವಾಹಿನಿಯನ್ನು ಪೂರ್ತಿಯಾಗಿ ಕೊಂಡುಕೊಳ್ಳುವುದಾಗಿಯೂ ಕ್ಯಾಮೆರಾ, ಸಿಬ್ಬಂದಿ, ಸ್ಟುಡಿಯೋ ಎಲ್ಲ ತಮ್ಮದೇ ಎಂದೂ ತಿಳಿಸಿದರು. ಬೆಲೆ ಚೆನ್ನಾಗಿಯೇ ಇತ್ತು. ಆದರೆ ಚುನಾವಣೆಗೆ ಮುನ್ನ ಕೊಳ್ಳಲು ಬರುವವರಿಗೆ ಬೇಕಾದದ್ದು ಪರಿಷೆಯ ಚಿತ್ರೀಕರಣವಲ್ಲ ಎಂಬುದು ತಿಳಿಯಲು ವಿಶೇಷ ಬುದ್ಧಿ ಬೇಕಿಲ್ಲ. ಪಾಲುದಾರರು ಒಮ್ಮತದಿಂದ ಬೇಡವೆಂದರು, ಕಂಪನಿ ಕಾಯ್ದೆ 2013ರ ಅಡಿಯಲ್ಲಿ ನಾವೇ ಕಂಪನಿಯಾಗಿ ನೋಂದಾಯಿಸಿಕೊಂಡೆವು.

ಹೊಸ ಕಂಪನಿಯ ಷೇರುಗಳಲ್ಲಿ ಹೆಚ್ಚಿನ ಪಾಲು ಹಳೆಯ ಪಾಲುದಾರರಲ್ಲಿ ಇದೆ. ಉಳಿದದ್ದು ತಂತಿ ಎಳೆಯುವುದರಿಂದ ಹಿಡಿದು ಕಂಟ್ರೋಲ್ ರೂಮಿನವರೆಗೆ ಬಹುಕಾಲದಿಂದ ದುಡಿದಿರುವ ನಮ್ಮ ಸಿಬ್ಬಂದಿಗೆ ಸೇರಿದೆ. ಯಾರೇ ಷೇರು ಮಾರುವುದಾದರೂ ಮೊದಲು ಉಳಿದ ಸದಸ್ಯರಿಗೆ ಕೊಡಬೇಕು, ರಾಜಕೀಯ ಪಕ್ಷದ ಪದಾಧಿಕಾರಿಗಳು ನಿರ್ದೇಶಕರಾಗಿರಬಾರದು ಎಂದು ಕಂಪನಿಯ ನಿಯಮಾವಳಿಯಲ್ಲೇ ಬರೆದಿದ್ದೇವೆ. ಗ್ರಾಹಕರಿಗೂ ಷೇರು ಕೊಡಿ ಎಂದು ಕೆಲವರು ಕೇಳಿದ್ದೀರಿ, ಆ ವಿಶ್ವಾಸಕ್ಕೆ ಕೃತಜ್ಞತೆಗಳು. ಪ್ರೈವೇಟ್ ಕಂಪನಿಯು ಸಾರ್ವಜನಿಕರಿಂದ ಷೇರು ಹಣ ಆಹ್ವಾನಿಸುವಂತಿಲ್ಲ, ಸದಸ್ಯರ ಸಂಖ್ಯೆಯೂ 200 ಮೀರುವಂತಿಲ್ಲ. ಹಾಗಾಗಿ ಸದ್ಯಕ್ಕೆ ಅದು ಆಗದು. ಅದರ ಬದಲು ಷೇರುದಾರರ ಪಟ್ಟಿಯನ್ನು ಕಚೇರಿಯ ಗೋಡೆಯ ಮೇಲೆ ಹಾಕುತ್ತೇವೆ. ಪಟ್ಟಿ ಬದಲಾದರೆ ಅದು ಅದೇ ವಾರದ ಸ್ಕ್ರಾಲಿನಲ್ಲಿ ಬರುತ್ತದೆ.

ನಿಮ್ಮ ತೆರೆಯ ಮೇಲೆ ಕಾಣುವ ವ್ಯತ್ಯಾಸಗಳು ಕೆಲವೇ. ಚಾನೆಲ್ ಪಟ್ಟಿಯಲ್ಲಿ ನಮ್ಮ ವಾಹಿನಿ ಇನ್ನು ಮುಂದೆ ಕನ್ನಡ ವಾಹಿನಿಗಳ ನಡುವೆ ಇರದೆ ‘ಪ್ಲಾಟ್‌ಫಾರ್ಮ್ ಸರ್ವೀಸಸ್’ ಎಂಬ ಪ್ರತ್ಯೇಕ ವಿಭಾಗದಲ್ಲಿ ಸಿಗುತ್ತದೆ, ತೆರೆಯ ಮೇಲೂ ಆ ಪದಗಳು ಕಾಣುತ್ತವೆ. ಅದು ನಿಯಮ, ಬಾಕ್ಸ್ ಕೆಟ್ಟಿದೆಯೆಂದು ದಯವಿಟ್ಟು ತಿಳಿಯಬೇಡಿ. ಸಂಜೆಯ ಸ್ಥಳೀಯ ಸುದ್ದಿ ಮತ್ತೆ ಆರಂಭವಾಗುತ್ತದೆ. ಪ್ರಸಾರವಾದದ್ದರ ರೆಕಾರ್ಡಿಂಗನ್ನು ನಾವು 90 ದಿನ ಕಾಯ್ದಿಡಬೇಕಾಗಿರುವುದರಿಂದ, ಯಾವುದೇ ವರದಿಯ ಬಗ್ಗೆ ಆಕ್ಷೇಪವಿದ್ದರೆ ಆ ಅವಧಿಯೊಳಗೆ ಬರೆದು ಕೊಡಿ. ದೃಶ್ಯವನ್ನು ಎದುರಿಗಿಟ್ಟುಕೊಂಡೇ ಮಾತಾಡೋಣ.

ಡಿಟಿಎಚ್ ಹಾಕಿಸಿಕೊಂಡಿರುವ ಮಗಳ ಮನೆಯಲ್ಲಿ ಈ ವಾಹಿನಿ ಏಕೆ ಬರುವುದಿಲ್ಲ ಎಂಬ ಪ್ರಶ್ನೆಯೂ ಆಗಾಗ ಬರುತ್ತದೆ. ಪ್ಲಾಟ್‌ಫಾರ್ಮ್ ಸರ್ವೀಸನ್ನು ಬೇರೆ ಜಾಲದೊಂದಿಗೆ ಹಂಚಿಕೊಳ್ಳುವಂತಿಲ್ಲ. ಉಪಗ್ರಹ ವಾಹಿನಿಯಾಗಿ ಮಾಡಿದರೆ ಎಲ್ಲೆಡೆ ಸಿಗುತ್ತದೆ ನಿಜ, ಆದರೆ ಉಪಗ್ರಹ ಸುದ್ದಿ ವಾಹಿನಿಗೆ ಅನುಮತಿ ಕೇಳುವ ಕಂಪನಿಯ ನಿವ್ವಳ ಆಸ್ತಿ 20 ಕೋಟಿ ರೂಪಾಯಿ ಇರಬೇಕು. ನಮ್ಮ ಇಡೀ ಹೆಡ್‌ಎಂಡ್ ಮಾರಿದರೂ ಅದರ ಹತ್ತಿರಕ್ಕೆ ಬರುವುದಿಲ್ಲ.

ಕೊನೆಯದಾಗಿ ಹಣದ ವ್ಯವಹಾರ. ಕಂಪನಿಗೆ ಬೇರೆ ಪ್ಯಾನ್ ಇರುವುದರಿಂದ ಬಿಲ್ಲಿನ ಮೇಲಿನ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಎರಡೂ ಬದಲಾಗುತ್ತವೆ. ಯುಪಿಐ ಮೂಲಕ ಕಟ್ಟುವವರು ಹಳೆಯ ಕ್ಯೂಆರ್ ಕೋಡ್ ಬಳಸದೆ, ಕಲೆಕ್ಷನ್‌ಗೆ ಬರುವ ನಮ್ಮ ಹುಡುಗರು ಕೊಡುವ ಹೊಸ ಕಾರ್ಡಿನಲ್ಲಿರುವ ಕೋಡನ್ನೇ ಸ್ಕ್ಯಾನ್ ಮಾಡಬೇಕು. ವರ್ಷದ ಹಣ ಮುಂಗಡವಾಗಿ ಕಟ್ಟಿದವರ ರಸೀದಿ ಅವಧಿ ಮುಗಿಯುವವರೆಗೂ ಊರ್ಜಿತ. ಬಾಕ್ಸಿಗೆಂದು ಕೊಟ್ಟ ಠೇವಣಿ ತಾನಾಗಿ ಕಂಪನಿಯ ಲೆಕ್ಕಕ್ಕೆ ವರ್ಗವಾಗುತ್ತದೆ, ಅದಕ್ಕಾಗಿ ಯಾವ ಅರ್ಜಿಯನ್ನೂ ಕೊಡಬೇಕಿಲ್ಲ. ಹೆಸರು ಬದಲಾವಣೆಯ ನೆಪದಲ್ಲಿ ಯಾರಾದರೂ ಫೋನ್ ಮಾಡಿ ಒಟಿಪಿ ಕೇಳಿದರೆ ಕೊಡಬೇಡಿ, ನಾವು ಅದನ್ನು ಕೇಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರರು
(ಬರುವ ತಿಂಗಳಿಂದ ವ್ಯವಸ್ಥಾಪಕ ನಿರ್ದೇಶಕರು)
ಬೆಂಗಳೂರು