ನಿವೃತ್ತಿ ಕಾರ್ಡಿನಲ್ಲಿ ಗಾಳ ಹಾಕಿ ಕೂತವನು ಯಾರು?

ಮಾನ್ಯ ಸಂಪಾದಕರೇ,

ನಮ್ಮ ಶಾಲೆಯ ಅಡುಗೆ ಅಕ್ಕನಿಗೆ 60 ತುಂಬಿತು. ನಾಳೆ ಹನ್ನೊಂದಕ್ಕೆ ಬೀಳ್ಕೊಡುಗೆ ಅಂತ ಹಿಂದಿನ ದಿನ ಸಂಜೆ ಆರೂವರೆಗೆ ಗ್ರೂಪಿನಲ್ಲಿ ಮೆಸೇಜ್ ಬಂತು. ಶಾಲು ಒಬ್ಬರು, ಹಾರ ಒಬ್ಬರು, ಹಣ್ಣು ಒಬ್ಬರು ಅಂತ ಹಂಚಿಕೊಂಡು ಕೊನೆಗೆ ಗ್ರೀಟಿಂಗ್ ಕಾರ್ಡ್ ನನ್ನ ಪಾಲಿಗೆ ಉಳಿಯಿತು. "ಅಂಗಡ್ಯಾಗಿಂದ ಒಂದ್ ತಂದ್ರ ಆತ್ ಬಿಡ್ರಿ" ಅಂದರು ಹೆಡ್ ಮಾಸ್ಟರು.

ಮೂರು ಅಂಗಡಿ ಸುತ್ತಿದೆ. ಎರಡು ಕಡೆ ಕಾರ್ಡೇ ಇಲ್ಲ, "ಈಗ್ಯಾರ್ ತಗೋತಾರ್ರಿ, ಎಲ್ಲಾ ವಾಟ್ಸಾಪ್" ಅಂದರು. ಮೂರನೆಯ ಅಂಗಡಿಯವರು ಮೇಲಿನ ಹಲಗೆಯಿಂದ ಧೂಳು ಹಿಡಿದ ಡಬ್ಬ ಇಳಿಸಿದರು. ಅದರಲ್ಲಿ ನಿವೃತ್ತಿಯ ಕಾರ್ಡು ಒಂದೇ ಒಂದು, 90 ರೂಪಾಯಿ. ಬಿಳಿ ಗಡ್ಡದ ಸಾಹೇಬ ಟೋಪಿ ಹಾಕಿಕೊಂಡು ಕೆರೆ ದಂಡೆಯಲ್ಲಿ ಗಾಳ ಹಿಡಿದು ಕೂತಿದ್ದಾನೆ, ಒಳಗೆ ಎಂಟು ಸಾಲು ಇಂಗ್ಲಿಷ್ ಪದ್ಯ. ನಮ್ಮ ಅಕ್ಕ ಕನ್ನಡವನ್ನೇ ಅಕ್ಷರ ಅಕ್ಷರ ಕೂಡಿಸಿ ಓದುವವರು. 2003ರ ಹೊತ್ತಿಗೆ ಬಿಸಿಯೂಟ ಎಲ್ಲ ಜಿಲ್ಲೆಗಳಿಗೂ ಬಂತಲ್ಲ, ಆವತ್ತಿನಿಂದ ಒಲೆ ಮುಂದೆ ನಿಂತವರು. 2013ರಲ್ಲಿ ಹಾಲು ಕೊಡುವುದು ಶುರುವಾದ ಮೇಲೆ ಎಲ್ಲರಿಗಿಂತ ಮುಂಚೆ ಬಂದು ಹಾಲು ಕಾಯಿಸಿ ಇಡುತ್ತಿದ್ದರು. ಅವರ ಕೈಗೆ ಈ ಗಾಳದ ಸಾಹೇಬನನ್ನು ಕೊಡುವುದಾ? ಸುಮ್ನೆ ಮನೆಗೆ ಬಂದೆ.

ಮನೆಯಲ್ಲಿ ಇದ್ದದ್ದು ಮಗಳ ಒಂದು ಡ್ರಾಯಿಂಗ್ ಶೀಟ್, ಸ್ಕೆಚ್ ಪೆನ್ನು, ಫೆವಿಕಾಲ್. ಓಣಿಯ ಟೇಲರ್ ಕೊಟ್ಟ ಖಣದ, ಅಂದರೆ ನಮ್ಮ ಕಡೆಯ ಕುಪ್ಪಸದ ಬಟ್ಟೆಯ, ಚೂರುಗಳೂ ಇದ್ದವು. ಗುಳೇದಗುಡ್ಡದಲ್ಲಿ ಖಣದ ಚೂರಿಗೆ ಬರ ಇಲ್ಲ ಬಿಡಿ. ಇನ್ನು ಕವರ್? ಹಳೇ ಲಗ್ನಪತ್ರಿಕೆಗಳ ಗಂಟು ಎಲ್ಲರ ಮನೆಯಲ್ಲೂ ಇರುತ್ತದೆ, ಅಲ್ವಾ? ಒಂದರ ಕವರಿನ ಅಂಟು ಮೆಲ್ಲಗೆ ಬಿಡಿಸಿ, ಒಳಮೈ ಹೊರಗೆ ಮಾಡಿ ಮತ್ತೆ ಅಂಟಿಸಿದೆ, ಹೊಸ ಕವರ್ ಆಯಿತು. ಅದರ ಮೇಲಿದ್ದ ಗಣಪತಿ ಒಳಗೆ ಹೋದ. ಅತ್ತೆ ನೋಡಿ, "ಕತ್ತರಿ ಹಚ್ಚಲಿಲ್ಲಲ್ಲ, ಇರ್ಲಿ ಬಿಡು, ಒಳಗ ಕುಂತು ಕಾಯ್ತಾನ" ಅಂದರು.

ಒಂದು ಮಾತು, ಮೊದಲು ಕವರ್ ಆರಿಸಿಕೊಳ್ಳಿ, ಆಮೇಲೆ ಕಾರ್ಡ್ ಕತ್ತರಿಸಿ. ನಾನು ಹಿಂದೆ ಎಷ್ಟೋ ಸಲ ಚೆಂದದ ಕಾರ್ಡ್ ಮಾಡಿ ಅದು ಯಾವ ಕವರಿಗೂ ಹಿಡಿಯದೆ ಪರದಾಡಿದ್ದೇನೆ. ಎ4 ಹಾಳೆಯನ್ನು ಒಂದೇ ಸಲ ಮಡಚಿದರೆ 21 ಸೆಂ.ಮೀ. ಉದ್ದ ಉಳಿಯುತ್ತದೆ, ಅಂಗಡಿಯ ಸಾದಾ ಸಣ್ಣ ಕವರಿಗೆ ಅದು ಹೋಗುವುದಿಲ್ಲ. ಕವರಿಗಿಂತ ಅರ್ಧ ಸೆಂ.ಮೀ. ಕಡಿಮೆ ಇಟ್ಟುಕೊಂಡರೆ ಸಾಕು. ಮಡಚುವ ಮುಂಚೆ ಇಂಕು ಮುಗಿದ ಬಾಲ್ ಪೆನ್ನಿನಿಂದ ಸ್ಕೇಲ್ ಇಟ್ಟು ಒತ್ತಿ ಒಂದು ಗೆರೆ ಎಳೆಯಬೇಕು. ಇಲ್ಲದಿದ್ದರೆ ದಪ್ಪ ಹಾಳೆ ಮಡಿಕೆಯಲ್ಲಿ ಸಿಡಿದು ಬಿಳಿ ಬಿಳಿ ಎಳೆ ಏಳುತ್ತದೆ. ಖಣದ ಅಂಚು ಎಳೆ ಬಿಟ್ಟು ಪಿಸಿಯದಿರಲು ಕತ್ತರಿಸುವ ಗೆರೆಯ ಮೇಲೆ ತೆಳ್ಳಗೆ ಫೆವಿಕಾಲ್ ಸವರಿ, ಒಣಗಿದ ಮೇಲೆ ಕತ್ತರಿ ಹಾಕಬೇಕು. ದಡಿಯ ಚೂರು ಸಿಕ್ಕರೆ ಆ ಕಡೆ ಅದರ ಗೊಡವೆಯೇ ಇಲ್ಲ.

ಇದೆಲ್ಲಾ ಒಂದು ತಾಸಿನ ಕೆಲಸ. ಜಾಸ್ತಿ ಹೊತ್ತು ಹಿಡಿದಿದ್ದು ಏನು ಬರೆಯಬೇಕು ಅನ್ನುವುದಕ್ಕೆ. "ತಮ್ಮ ಸೇವೆ ಅನುಪಮ, ನಿವೃತ್ತಿ ಜೀವನ ಸುಖಕರವಾಗಿರಲಿ" ಅಂತ ರಫ್ ಹಾಳೆಯಲ್ಲಿ ಬರೆದು ನೋಡಿದೆ. ತಹಶೀಲ್ದಾರರಿಗೂ ಇದನ್ನೇ ಕೊಡಬಹುದು, ಬ್ಯಾಂಕ್ ಮ್ಯಾನೇಜರಿಗೂ ಕೊಡಬಹುದು. ಹೊಡೆದುಹಾಕಿದೆ. ಅಕ್ಕ ದಿನಾ ಮಧ್ಯಾಹ್ನ ಸಾಲಿನ ಮುಂದೆ ಬಂದು ನಿಂತು ಏನನ್ನುತ್ತಿದ್ದರು ಅಂತ ನೆನೆಸಿಕೊಂಡೆ. "ಇನ್ನೊಂದ್ ಸೌಟ್ ಹಾಕ್ಲೇನ?" ಅನ್ನುತ್ತಿದ್ದರು, ಹುಡುಗ ಬಾಯಿ ಬಿಡುವಷ್ಟರಲ್ಲಿ ಹಾಕಿಯೇ ಬಿಟ್ಟಿರುತ್ತಿದ್ದರು. ಕಾರ್ಡಿನ ಮುಖಕ್ಕೆ ಅದೊಂದೇ ಸಾಲು ಸಾಕು ಅನ್ನಿಸಿತು. ಅಕ್ಷರ ದಪ್ಪ, ನಡುವೆ ಜಾಗ ಬಿಟ್ಟು, ಅವರು ಓದುವ ಹಾಗೆ ಬರೆದೆ.

ಬರೆದ ಮೇಲೆ ಯಡವಟ್ಟು ಮಾಡಿಕೊಂಡೆ. ಸಾಲಿನ ಕೆಳಗೆ ಖಣದ ಪಟ್ಟಿ ಅಂಟಿಸುವಾಗ ಫೆವಿಕಾಲ್ ಜಾಸ್ತಿಯಾಗಿ, ಅದರ ನೀರು ಮೇಲಕ್ಕೆ ಏರಿ "ಸೌಟ್" ಅನ್ನುವ ಪದ ಪೂರ್ತಿ ನೀಲಿಯಾಗಿ ಹರಡಿತು. ಸ್ಕೆಚ್ ಪೆನ್ನಿನ ಬಣ್ಣಕ್ಕೆ ನೀರು ತಾಗಬಾರದು ಅಂತ ಮಕ್ಕಳಿಗೆ ನಾನೇ ಹೇಳಿದವಳು! ರಾತ್ರಿ ಹತ್ತು ಗಂಟೆ, ಇನ್ನೊಂದು ಶೀಟ್ ಇಲ್ಲ, ಮಗಳು ಬೇರೆ ನಗುತ್ತಿದ್ದಾಳೆ. ಕೊನೆಗೆ ಕೆಂಪು ಖಣದಲ್ಲಿ ಒಂದು ಸೌಟು ಕತ್ತರಿಸಿ ಆ ಕಲೆಯ ಮೇಲೆ ಅಂಟಿಸಿದೆ. ಪದ ಹೋಗಿ ಚಿತ್ರ ಬಂತು. ನಿಜ ಹೇಳಬೇಕೆಂದರೆ ಮೊದಲಿಗಿಂತ ಚೆಂದ ಕಂಡಿತು. ಕಾರ್ಡು ಸುರುಳಿ ಸುತ್ತದಿರಲಿ ಅಂತ ದಪ್ಪ ಪುಸ್ತಕಗಳ ಕೆಳಗೆ ಇಟ್ಟು ಮಲಗಿದೆ.

ಬೆಳಿಗ್ಗೆ ಒಳಗಿನ ಹಾಳೆ ಏಳನೇ ತರಗತಿಯವರ ಕೈಗೆ ಕೊಟ್ಟೆ. ಹೆಸರು ಬರೆದರೆ ಸಾಲದು, ಅಕ್ಕನ ಬಗ್ಗೆ ನಿಮಗೆ ಗೊತ್ತಿರುವುದು ಒಂದು ಸಾಲು ಬರೀಬೇಕು ಅಂದೆ. ಒಬ್ಬ ಬರೆದ: "ಅನ್ನದ ನಡುವ ಸೌಟಿನ್ಲೆ ತಗ್ಗು ಮಾಡಿ ಸಾರು ಹಾಕ್ತಿದ್ರಿ, ಹರದು ಹೋಗ್ತಿರಲಿಲ್ಲ." ಇಷ್ಟು ವರ್ಷ ಅದೇ ಸಾಲಿನ ಪಕ್ಕ ನಿಂತ ನಾನು ಅದನ್ನು ನೋಡಿಯೇ ಇರಲಿಲ್ಲ.

ಅಕ್ಕ ಕಾರ್ಡ್ ತೆಗೆದುಕೊಂಡರು. "ಇ… ನ್ನೊಂದ್…" ಅಂತ ಓದಿ, ಸೌಟು ನೋಡಿ ನಕ್ಕರು. ಆಮೇಲೆ ದಡಿಯ ಮೇಲೆ ಉಗುರು ಆಡಿಸಿ, "ಇದು ಕೈಮಗ್ಗದ್ದಲ್ರಿ ಅಕ್ಕೋರ, ಪಾವರ್‌ಲೂಮಿಂದು" ಅಂದರು. ಅವರ ಮನೆಯಲ್ಲಿ ಮಗ್ಗ ಇದೆ, ಸಂಜೆ ಹೊತ್ತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾರೆ, ನನಗೇ ಮರೆತುಹೋಗಿತ್ತು.

ಸಂಪಾದಕರೇ, ಇದನ್ನು ಬರೆಯಲು ಕಾರಣ ಇದೆ. ಒಂದು ಕಾಲಕ್ಕೆ ನಮ್ಮ ಕಡೆ ಸಂಕ್ರಾಂತಿ ಕಾರ್ಡಿನ ಜತೆ ಕುಸುರೆಳ್ಳಿನ ಪುಟ್ಟ ಪೊಟ್ಟಣ ಅಂಚೆಯಲ್ಲಿ ಬರುತ್ತಿತ್ತು, ಕಾರ್ಡಿನ ಮೇಲೆ ಕನ್ನಡವೇ ಇರುತ್ತಿತ್ತು. ಈಗ ಕನ್ನಡದ ಕಾರ್ಡ್ ಮಾರಿ ಅಂತ ಅಂಗಡಿಯವರಿಗೆ ಹೇಳಿದರೆ ಅವರಿಗೆ ಗಿಟ್ಟುವುದಿಲ್ಲ, ಗೊತ್ತು. ಕಡೇಪಕ್ಷ ಖಾಲಿ ದಪ್ಪ ಹಾಳೆ ಮತ್ತು ಅದಕ್ಕೆ ಹೊಂದುವ ಕವರ್ ಇಡಲಿ. ಇನ್ನು ನಮ್ಮ ಶಾಲೆಗಳಿಗೆ ತಿಂಗಳಿಗೊಂದು ಬ್ಯಾಗ್ ಇಲ್ಲದ ಶನಿವಾರ ಇದೆ. ಮಕ್ಕಳು ತಮಗೆ ಗೊತ್ತಿರುವ ಒಬ್ಬರಿಗೆ, ಕಂಡಕ್ಟರಿಗೋ ಅಜ್ಜಿಗೋ ಹಾಲು ಹಾಕುವವರಿಗೋ, ಒಂದು ಕಾರ್ಡ್ ಮಾಡಲಿ. ಅದರ ಮೇಲೆ ಆ ಮನುಷ್ಯ ದಿನಾ ಆಡುವ ಮಾತು ಒಂದಾದರೂ ಇರಬೇಕು ಅಂತ ಷರತ್ತು ಹಾಕಿದರೆ ಸಾಕು.

ತಪ್ಪು ನನ್ನದೂ ಇದೆ. ಪ್ರತಿ ವರ್ಷ ಶಿಕ್ಷಕರ ದಿನಕ್ಕೆ "ಹ್ಯಾಪಿ ಟೀಚರ್ಸ್ ಡೇ" ಅಂತ ಇಂಗ್ಲಿಷಿನಲ್ಲಿ ಹಲಗೆ ಮೇಲೆ ಬರೆದು, ಪಕ್ಕದಲ್ಲೊಂದು ಗುಲಾಬಿ ಹೂ ತೆಗೆದು, ಮಕ್ಕಳಿಂದ ನಕಲು ಮಾಡಿಸಿದವಳು ನಾನೇ. ಒಂದೇ ಥರದ ಮೂವತ್ತು ಕಾರ್ಡು ನನ್ನ ಕಪಾಟಿನಲ್ಲಿವೆ. ಈ ಸಲ ಸೆಪ್ಟೆಂಬರ್ 5ಕ್ಕೆ ಹಲಗೆ ಮೇಲೆ ಏನೂ ಬರೆಯುವುದಿಲ್ಲ. ನನ್ನ ಯಾವ ಮಾತನ್ನು ಅವರು ಕಾರ್ಡಿಗೆ ಏರಿಸುತ್ತಾರೋ ಅಂತ ಸ್ವಲ್ಪ ಹೆದರಿಕೆಯೂ ಇದೆ.

— ಸರ್ಕಾರಿ ಶಾಲೆಯ ಒಬ್ಬ ಶಿಕ್ಷಕಿ, ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ