ಭಾನುವಾರದ ಮಾತುಕತೆ: ತಮಾರಾ ಮೊಸ್ಕ್ವಿನಾ (ದಿನ ಬದಲಾಗಿದೆ)

ಎಲ್ಲರಿಗೂ ನಮಸ್ಕಾರ.

ಶನಿವಾರದ ವಿಡಿಯೊ ಕರೆ ಭಾನುವಾರ ಸಂಜೆ 6 ಗಂಟೆಗೆ ಹೋಗಿದೆ. ಶನಿವಾರಕ್ಕೆ ಒಪ್ಪಿದ್ದವರು ದಯವಿಟ್ಟು ಗಮನಿಸಿ.

ವಿಷಯ ಅದೇ: ರಷ್ಯಾದ ಫಿಗರ್ ಸ್ಕೇಟಿಂಗ್ (ಮಂಜುಗಡ್ಡೆಯ ಮೇಲೆ ಸಂಗೀತಕ್ಕೆ ತಕ್ಕಂತೆ ಸ್ಕೇಟ್ ಮಾಡುವ ಕ್ರೀಡೆ) ತರಬೇತುದಾರರಾದ ತಮಾರಾ ಮೊಸ್ಕ್ವಿನಾ. 1941ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಹುಟ್ಟಿದ ಅವರು ಅಲೆಕ್ಸೇಯ್ ಮಿಶಿನ್ ಜೊತೆಗೂಡಿ 1969ರ ವಿಶ್ವ ಚಾಂಪಿಯನ್‌ಶಿಪ್‌ನ ಜೋಡಿ ವಿಭಾಗದಲ್ಲಿ ಬೆಳ್ಳಿ ಗೆದ್ದವರು. ಅವರು ತಿದ್ದಿ ಬೆಳೆಸಿದ ಜೋಡಿಗಳು 1984, 1992, 1998 ಮತ್ತು 2002ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವು.

ನನ್ನ ಮನಸ್ಸನ್ನು ಹಿಡಿದಿಟ್ಟಿರುವುದು ಅವರ ಶಿಷ್ಯೆ, ಸ್ಕೇಟರ್ ಯೆಲೆನಾ ಬೆರೆಜ್ನಾಯಾ ಅವರ ಕಥೆ. 1996ರ ಜನವರಿಯಲ್ಲಿ, ಲಾಟ್ವಿಯಾದ ರಿಗಾದಲ್ಲಿ ಅಭ್ಯಾಸ ಮಾಡುವಾಗ, ಅಂದಿನ ಜೊತೆಗಾರನ ಸ್ಕೇಟಿನ ಅಲಗು ತಲೆಗೆ ಹೊಕ್ಕು ಆಕೆ ಮಾತನ್ನೇ ಕಳೆದುಕೊಂಡಿದ್ದರು. ಚೇತರಿಸಿಕೊಂಡ ಆಕೆಯನ್ನು ಮೊಸ್ಕ್ವಿನಾ ಆಂಟನ್ ಸಿಖರುಲಿದ್ಜೆ ಜೊತೆಗೆ ಮತ್ತೆ ಮಂಜುಗಡ್ಡೆಗಿಳಿಸಿದರು. ಎರಡೇ ವರ್ಷದಲ್ಲಿ 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ! 2002ರಲ್ಲಿ ಚಿನ್ನ, ಅದನ್ನು ಕೆನಡಾದ ಜೋಡಿಯೊಂದಿಗೆ ಹಂಚಿಕೊಳ್ಳಬೇಕಾಗಿ ಬಂದ ತೀರ್ಪಿನ ವಿವಾದಕ್ಕೆ ಕೊನೆಯ ಅರ್ಧ ಗಂಟೆ ಮೀಸಲು.

ಬರುವ ಮುನ್ನ ಬೆರೆಜ್ನಾಯಾ–ಸಿಖರುಲಿದ್ಜೆ ಜೋಡಿಯ 1998 ಮತ್ತು 2002ರ ಒಲಿಂಪಿಕ್ ಪ್ರದರ್ಶನಗಳನ್ನು ನೋಡಿರಿ. ಕರೆಗೆ ಸೇರಿದ ಮೇಲೆ ಮೈಕ್ ಮುಚ್ಚಿಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ‘ಹೌದು’ ಎಂದು ಬರೆಯಿರಿ. ಮಿಶಿನ್ ಅವರ ಬಗ್ಗೆ ಹತ್ತು ನಿಮಿಷ ಮಾತನಾಡಲು ಒಬ್ಬರು ಬೇಕಾಗಿದ್ದಾರೆ. ಆಸಕ್ತರು ನನಗೆ ತಿಳಿಸಿ.